ಎಂಜಿನ್ ಓವರ್‌ಹೀಟ್ ಆಗುತ್ತಿದೆಯೇ? ಯಾವಾಗ ಆಗುತ್ತದೆ ಎಂದು ಮೊದಲು ನೋಡಿ

ಕಾರು ಓವರ್‌ಹೀಟ್ ಆಗುತ್ತಿದೆ ಎಂದು ಯಾರ ಹತ್ತಿರ ಹೇಳಿದರೂ ಥಟ್ಟನೆ ಒಂದು ಸಲಹೆ ಬರುತ್ತದೆ. ಒಬ್ಬರು ಥರ್ಮೋಸ್ಟಾಟ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ ಎನ್ನುತ್ತಾರೆ. ಮತ್ತೊಬ್ಬರಿಗೆ ರೇಡಿಯೇಟರ್ ಮೇಲೆ ಅನುಮಾನ. ಮೂವರೂ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ: ಬಿಸಿಯಾಗುವುದು ಯಾವಾಗ? ಸಿಗ್ನಲ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡುವಾಗಲೋ, ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೋ? ಇದು ಗೊತ್ತಾದರೆ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ಒಂದೊಂದೇ ಹೊಸ ಬಿಡಿಭಾಗ ಹಾಕುತ್ತಾ ಹೋಗುತ್ತೀರಿ, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಾತ್ರ ಮೇಲಕ್ಕೇ ಏರುತ್ತಿರುತ್ತದೆ.

ಏರ್ಪಾಡು ಎಲ್ಲ ಕಾರುಗಳಲ್ಲೂ ಹೆಚ್ಚುಕಡಿಮೆ ಒಂದೇ. ವಾಟರ್ ಪಂಪ್ ಕೂಲಂಟನ್ನು, ಅಂದರೆ ಎಂಜಿನ್ ತಂಪಾಗಿಡುವ ದ್ರವವನ್ನು, ಎಂಜಿನ್ ಒಳಗೆ ತಳ್ಳುತ್ತದೆ. ಎಂಜಿನ್ ಬಿಸಿಯಾಗುವ ತನಕ ಥರ್ಮೋಸ್ಟಾಟ್ ಮುಚ್ಚಿಕೊಂಡಿರುತ್ತದೆ, ಕೂಲಂಟ್ ಒಳಗೊಳಗೇ ಸುತ್ತುತ್ತದೆ. ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ಥರ್ಮೋಸ್ಟಾಟ್ ಬಾಯಿ ಬಿಡಲು ಶುರುಮಾಡುತ್ತದೆ. ಆಗ ಕೂಲಂಟ್ ರೇಡಿಯೇಟರ್‌ಗೆ ಹೋಗಿ, ಗಾಳಿಗೆ ಶಾಖ ಬಿಟ್ಟು, ವಾಪಸ್ ಬರುತ್ತದೆ. ಕಾರು ಓಡುವಾಗ ಗಾಳಿ ತಾನಾಗಿ ಸಿಗುತ್ತದೆ. ನಿಂತಾಗ ಫ್ಯಾನ್ ಎಳೆಯಬೇಕು. ಬಿಸಿಯಾದ ಎಂಜಿನ್ 85ರಿಂದ 105 ಡಿಗ್ರಿ ಒಳಗೆ ಓಡಾಡುತ್ತಿದ್ದರೆ ಹೆಚ್ಚಿನ ಕಾರುಗಳಿಗೆ ಅದು ಸಹಜ. 95 ಡಿಗ್ರಿ ಕಂಡು ಗಾಬರಿಯಾಗಬೇಡಿ.

ದಾರಿಯಲ್ಲೇ ಮುಳ್ಳು ಏರಿದರೆ

ಎಸಿ ಆಫ್ ಮಾಡಿ. ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಸೆಕೆಯಲ್ಲಿ ಇದು ಶಿಕ್ಷೆ ಅನ್ನಿಸುತ್ತದೆ, ಆದರೆ ಹೀಟರ್ ಒಳಗಿರುವುದೂ ಒಂದು ಸಣ್ಣ ರೇಡಿಯೇಟರೇ. ಎಂಜಿನ್ನಿನ ಸ್ವಲ್ಪ ಶಾಖವನ್ನು ಅದು ಹೊರಹಾಕುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಕೆಂಪು ದೀಪ ಹತ್ತಿದ್ದರೆ, ಬಾನೆಟ್ ಸಂದಿಯಿಂದ ಹಬೆ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಿ. "ಇನ್ನು ಎರಡು ಕಿಲೋಮೀಟರ್ ಅಷ್ಟೇ" ಎಂದು ಎಳೆಯಬೇಡಿ. ಈಗಿನ ಹೆಚ್ಚಿನ ಎಂಜಿನ್ನುಗಳ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಅಲ್ಯುಮಿನಿಯಂನದು. ಅತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ನೂರಿನ್ನೂರರಲ್ಲಿ ಮುಗಿಯುತ್ತಿದ್ದ ಹೋಸ್ ಪೈಪ್ ಕೆಲಸ ಎಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುವುದು ಹೀಗೇ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕೂಲಿಂಗ್ ವ್ಯವಸ್ಥೆ ಪ್ರೆಶರ್ ಕುಕ್ಕರ್ ಥರ. ಮುಚ್ಚಳ ಸಾಮಾನ್ಯವಾಗಿ 0.9ರಿಂದ 1.4 ಬಾರ್ ಒತ್ತಡ ಹಿಡಿದಿಡುತ್ತದೆ. ಬರೀ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 1 ಬಾರ್ ಹೆಚ್ಚಿನ ಒತ್ತಡದಲ್ಲಿ ಅದೇ ನೀರು 120 ಡಿಗ್ರಿ ತನಕ ಕುದಿಯುವುದಿಲ್ಲ. ಅರ್ಧ ನೀರು, ಅರ್ಧ ಕೂಲಂಟ್ ಕಾನ್ಸಂಟ್ರೇಟ್ ಇದ್ದರೆ 129 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ. 110 ಡಿಗ್ರಿ ಬಿಸಿ ಇರುವ ನೀರಿನ ಮುಚ್ಚಳ ತೆಗೆದ ಕ್ಷಣ ಒತ್ತಡ ಬಿಡುಗಡೆಯಾಗುತ್ತದೆ. ಒಳಗಿನ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡರೂ ಅದು ತಡೆಯಲ್ಲ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಹಿಂಡಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ. ಎಂಜಿನ್ ಆಫ್ ಇದ್ದರೂ ಎಲೆಕ್ಟ್ರಿಕ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು, ಬೆರಳು ದೂರ ಇರಲಿ.

ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ. ಖಾಲಿಯಾದ ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಿದರೆ ಹೆಡ್ ಅಥವಾ ಅದರ ಕೆಳಗಿನ ಬ್ಲಾಕ್ ಬಿರುಕು ಬಿಡಬಹುದು. ತಣ್ಣಗಾದ ಮೇಲೆ ನಿಧಾನವಾಗಿ ತುಂಬಿಸಿ.

ಮುಳ್ಳು ನಿಜ ಹೇಳುತ್ತಿದೆಯೇ?

ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಹಲವು ಕಾರುಗಳಲ್ಲಿ ಥರ್ಮಾಮೀಟರ್ ಅಲ್ಲ, ಚಾಲಕನನ್ನು ಸಮಾಧಾನವಾಗಿಡುವ ಸಾಧನ. 80ರಿಂದ 105 ಡಿಗ್ರಿ ತನಕ ಎಲ್ಲಿದ್ದರೂ ಅದು ಮಧ್ಯದಲ್ಲೇ ನಿಂತಿರುವಂತೆ ಕಂಪನಿಯವರೇ ಹೊಂದಿಸಿರುತ್ತಾರೆ. ಮುಳ್ಳು ಅಲ್ಲಾಡಿತು ಎಂದರೆ ಆಗಲೇ ತಡವಾಗಿದೆ. ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ಬರೀ ಎರಡು ದೀಪ.

ಹಾಗಾಗಿ ಕಾರಿನ ಕಂಪ್ಯೂಟರಿನಿಂದ ಅಂಕಿಗಳನ್ನೂ ದೋಷದ ಕೋಡ್‌ಗಳನ್ನೂ ಓದುವ ಒಂದು ಓಬಿಡಿ ಸ್ಕ್ಯಾನರ್ ಇಟ್ಟುಕೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡುವ ಸಣ್ಣ ಅಡಾಪ್ಟರ್ ಆದರೂ ಸಾಕು. ಕೂಲಂಟ್ ಎಷ್ಟು ಡಿಗ್ರಿ ಎಂದು ನೇರವಾಗಿ ತೋರಿಸುತ್ತದೆ. ಇಡೀ ಹುಡುಕಾಟದಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಉಪಕರಣ ಇನ್ನೊಂದಿಲ್ಲ.

ಸೆನ್ಸರ್ ಮೇಲೆ ಅನುಮಾನ ಇದ್ದರೆ ಸುಲಭದ ಪರೀಕ್ಷೆ ಹೀಗಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು, ಇಗ್ನಿಷನ್ ಆನ್ ಮಾಡಿ. ಕೂಲಂಟ್ ತಾಪಮಾನ ಮತ್ತು ಎಂಜಿನ್ನಿಗೆ ಹೋಗುವ ಗಾಳಿಯ ತಾಪಮಾನ ಎರಡನ್ನೂ ಸ್ಕ್ಯಾನರ್‌ನಲ್ಲಿ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಗಾಳಿ 24, ಕೂಲಂಟ್ 51 ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ಸುಳ್ಳು ಹೇಳುತ್ತಿದೆ. ಪಿ0117 ಅಥವಾ ಪಿ0118 ಕೋಡ್ ಬಂದಿದ್ದರೂ ಮೊದಲು ನೋಡಬೇಕಾದ್ದು ಸೆನ್ಸರ್ ಸರ್ಕ್ಯೂಟನ್ನೇ. ಮಲ್ಟಿಮೀಟರ್ ಇದ್ದರೆ ಸೆನ್ಸರ್ ರೆಸಿಸ್ಟೆನ್ಸ್ ಅಳೆಯಬಹುದು. ಬಿಸಿಯಾದಷ್ಟೂ ಅದು ಕಡಿಮೆಯಾಗುತ್ತದೆ. ಬಹಳಷ್ಟು ಸೆನ್ಸರ್‌ಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ. ನಿಖರ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ.

ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರಿಗೆ ಒಂದು ಕಿವಿಮಾತು. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಗುರಿ ಇಡಿ.

ಇನ್ನೊಂದು ಅಪಾಯದ ಸಂಗತಿ ಇದೆ. ಕೂಲಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್ ತುದಿ ನೀರಿನಲ್ಲಿ ಮುಳುಗಿರುವುದಿಲ್ಲ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಇಳಿಯಿತು, ಹೀಟರ್‌ನಿಂದ ತಣ್ಣನೆ ಗಾಳಿ ಬಂತು ಎಂದರೆ ಸಮಸ್ಯೆ ಸರಿಹೋಯಿತು ಎಂದಲ್ಲ, ನೀರು ಖಾಲಿಯಾಗಿದೆ ಎಂದರ್ಥ. ಆ ಕ್ಷಣವೇ ಎಂಜಿನ್ ನಿಲ್ಲಿಸಿ.

ನಿಂತಾಗ ಬಿಸಿ, ಓಡಿದರೆ ತಂಪು

ಟ್ರಾಫಿಕ್‌ನಲ್ಲಿ ಏರುತ್ತದೆ, ಕಾರು ವೇಗ ಹಿಡಿದ ಮೇಲೆ ತಾನಾಗಿ ಇಳಿಯುತ್ತದೆ. ಹೀಗಿದ್ದರೆ ಪಂಪು, ಥರ್ಮೋಸ್ಟಾಟ್ ಬಿಚ್ಚುವ ಮೊದಲು ಗಾಳಿಯ ಕಡೆ ನೋಡಿ. ಓಡುವಾಗ ಸಿಗುವ ಗಾಳಿ ನಿಂತಾಗ ಸಿಗುತ್ತಿಲ್ಲ. ಅಂದರೆ ಫ್ಯಾನ್.

ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟರ್ ಚೆನ್ನಾಗಿದೆ. ಇನ್ನು ಎಸಿ ಆಫ್ ಮಾಡಿ, ನಿಂತಲ್ಲೇ ಬಿಸಿಯಾಗಲು ಬಿಡಿ, ಸ್ಕ್ಯಾನರ್ ನೋಡುತ್ತಿರಿ. ಎಷ್ಟೋ ಕಾರುಗಳಲ್ಲಿ 95ರಿಂದ 105 ಡಿಗ್ರಿ ಒಳಗೆ ಫ್ಯಾನ್ ಶುರುವಾಗಬೇಕು. ಎಸಿಗೆ ತಿರುಗುವ ಫ್ಯಾನ್ ಬಿಸಿಗೆ ತಿರುಗದಿದ್ದರೆ ಅದಕ್ಕೆ ಆಜ್ಞೆ ಹೋಗುತ್ತಿಲ್ಲ. ಸೆನ್ಸರ್, ಹಳೆಯ ಕಾರಾದರೆ ರೇಡಿಯೇಟರಿಗೆ ಕೂರಿಸಿದ ಥರ್ಮೋ ಸ್ವಿಚ್, ಅವುಗಳ ವೈರ್ ನೋಡಿ.

ಯಾವುದಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್. ನಂತರ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್. ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನ್‌ನದ್ದೋ ಲೈಟ್‌ನದ್ದೋ, ತಂದು ಕೂರಿಸಿ ನೋಡಿದರೆ ದುಡ್ಡು ಖರ್ಚಿಲ್ಲದೆ ಉತ್ತರ ಸಿಗುತ್ತದೆ. ಆಮೇಲೆ ಮೋಟರ್ ಹತ್ತಿರದ ಕನೆಕ್ಟರ್ ಬಿಚ್ಚಿ. ಪಿನ್ ಸುಟ್ಟು ಕಂದಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ನೋಡಿ. ಇದು ತುಂಬಾ ಸಾಮಾನ್ಯ. ಎರಡೇ ವೈರ್ ಇರುವ ಸಾದಾ ಮೋಟರಿಗೆ ಫ್ಯೂಸ್ ಇರುವ ವೈರಿನಲ್ಲಿ ನೇರ ಬ್ಯಾಟರಿ ಕೊಟ್ಟು ನೋಡಬಹುದು. ತಿರುಗದಿದ್ದರೆ ಮೋಟರ್ ಹೋಗಿದೆ. ಎರಡು ವೇಗದ ಫ್ಯಾನ್ ಇದ್ದರೆ ನಿಧಾನದ ವೇಗಕ್ಕೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಫ್ಯಾನ್ ಬಹಳ ಹೊತ್ತು ಸುಮ್ಮನಿದ್ದು, ತಾಪಮಾನ ತೀರಾ ಏರಿದ ಮೇಲೆ ಒಮ್ಮೆಲೇ ಭರ್ರೆಂದು ಶುರುವಾಗುತ್ತದೆ.

ಫ್ಯಾನ್ ತಿರುಗುತ್ತಿದೆ, ಆದರೂ ಬಿಸಿ. ಆಗ ಒಂದು ಹಾಳೆ ಕಾಗದವನ್ನು ಮುಂದಿನ ಗ್ರಿಲ್ ಮೇಲೆ ಹಿಡಿಯಿರಿ. ಫ್ಯಾನ್ ಅದನ್ನು ಒಳಕ್ಕೆ ಎಳೆದು ಹಿಡಿದುಕೊಳ್ಳಬೇಕು. ಕಾಗದ ಹೊರಕ್ಕೆ ಹಾರಿದರೆ ಮೋಟರ್ ಬದಲಿಸಿದವರು ವೈರ್ ಅದಲುಬದಲು ಮಾಡಿದ್ದಾರೆ, ಫ್ಯಾನ್ ಉಲ್ಟಾ ತಿರುಗುತ್ತಿದೆ. ಕೇಳಿದರೆ ನಗು ಬರುತ್ತದೆ, ಆದರೆ ಆಗುತ್ತದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನೂ ನೋಡಿ. ಅದು ಮುರಿದಿದ್ದರೆ, ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಒಂದು ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಹಾಗೇ ಉಳಿಯುತ್ತವೆ.

ಎಂಜಿನ್ ಉದ್ದಕ್ಕೆ ಕೂತಿರುವ ದೊಡ್ಡ ಗಾಡಿಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನ್ ಇರಬಹುದು, ನಡುವೆ ಬಿಸಿಯಾದಾಗ ಬಿಗಿಯಾಗುವ ವಿಸ್ಕಸ್ ಕ್ಲಚ್. ಎಂಜಿನ್ ಚೆನ್ನಾಗಿ ಬಿಸಿಯಾದಾಗ ಆಫ್ ಮಾಡಿ, ಕೈಯಿಂದ ಫ್ಯಾನ್ ತಿರುಗಿಸಿ. ಬಿಗಿಯಾಗಿ ಬರಬೇಕು. ಹಗುರವಾಗಿ ಹಲವು ಸುತ್ತು ತಿರುಗಿದರೆ ಕ್ಲಚ್ ಮುಗಿದಿದೆ.

ಹೈವೇಯಲ್ಲಿ, ಏರಿನಲ್ಲಿ ಬಿಸಿ

ನಿಂತಾಗ ಸರಿ, ಲೋಡ್ ಬಿದ್ದರೆ ಏರುತ್ತದೆ. ಇಲ್ಲಿ ಫ್ಯಾನ್ ಮೇಲೆ ಅನುಮಾನ ಪಡುವುದು ದಂಡ. ಗಾಳಿ ಬೇಕಾದಷ್ಟಿದೆ. ಆ ಗಾಳಿ ರೇಡಿಯೇಟರ್ ದಾಟುತ್ತಿಲ್ಲ, ಇಲ್ಲವೇ ಕೂಲಂಟ್ ಸಾಕಷ್ಟು ಹರಿಯುತ್ತಿಲ್ಲ.

ಮೊದಲು ಹೊರಗಿನದ್ದು. ಎಸಿ ಇರುವ ಕಾರಿನಲ್ಲಿ ರೇಡಿಯೇಟರ್ ಮುಂದೆ ಎಸಿ ಕಂಡೆನ್ಸರ್ ಇರುತ್ತದೆ. ಮುಂದಿನಿಂದ ಇಣುಕಿದರೆ ಕಾಣುವುದು ಕಂಡೆನ್ಸರ್. ಅದು ಚೊಕ್ಕಟವಾಗಿರಬಹುದು. ಕಸ ಕೂರುವುದು ಅವೆರಡರ ನಡುವಿನ ಸಂದಿಯಲ್ಲಿ. ಎಲೆ, ಹುಳ, ಧೂಳು, ಕೆಸರು ಸೇರಿ ಮಂದ ಕಂಬಳಿಯಂತಾಗಿರುತ್ತದೆ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ. ಪ್ರೆಶರ್ ವಾಷರ್ ಹತ್ತಿರದಿಂದ ಹಿಡಿದರೆ ತೆಳ್ಳಗಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸಾಧಾರಣ ಪೈಪ್ ಸಾಕು.

ಬಂಪರ್ ಕೆಳಗೆ ಇಳಿಬಿದ್ದ ಪ್ಲಾಸ್ಟಿಕ್ ಅಥವಾ ರಬ್ಬರ್ ಪಟ್ಟಿ ರಸ್ತೆಯ ಉಬ್ಬಿಗೆ ಉಜ್ಜಿ ಕಿತ್ತುಹೋಗಿದೆಯೇ ನೋಡಿ. ಅಲಂಕಾರಕ್ಕೆ ಇಟ್ಟದ್ದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ವೇಗದಲ್ಲಿ ಗಾಳಿ ಎಂಜಿನ್ ಕೆಳಗೆ ನುಗ್ಗದೆ ರೇಡಿಯೇಟರ್ ಮೂಲಕ ಹೋಗುವಂತೆ ಮಾಡುವುದು ಅದೇ. ಬಂಪರ್ ರಿಪೇರಿ ಆದ ಮೇಲೆ ಶುರುವಾದ ಓವರ್‌ಹೀಟಿಗೆ ಕಾರಣ ಎಷ್ಟೋ ಸಲ ಇಲ್ಲೇ ಇರುತ್ತದೆ.

ಇನ್ನು ಒಳಗಿನದ್ದು. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ರೇಡಿಯೇಟರ್ ಮೈಮೇಲೆಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿ. ಕೂಲಂಟ್ ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ತಾಪಮಾನ ಮೆಲ್ಲಗೆ ಇಳಿಯುತ್ತಾ ಹೋಗಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿಕೊಂಡಿವೆ. ಗಡಸು ನೀರು ವರ್ಷಗಟ್ಟಲೆ ಹಾಕಿದ ರೇಡಿಯೇಟರ್‌ಗಳ ಗತಿ ಇದು. ಸ್ವಲ್ಪ ಕಟ್ಟಿದ್ದರೆ ಫ್ಲಶ್ ಮಾಡಿ ನೋಡಬಹುದು. ಜಾಸ್ತಿ ಕಟ್ಟಿದ್ದರೆ ಬದಲಿಸುವುದೇ ಜಾಣತನ.

ರೇಡಿಯೇಟರಿಂದ ಪಂಪಿಗೆ ಹೋಗುವ ಹೋಸಿನಲ್ಲಿ ಪಂಪ್ ಕೂಲಂಟನ್ನು ಎಳೆಯುತ್ತಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು ಕೆಳಗಿನ ಹೋಸ್. ರಬ್ಬರ್ ಮೆತ್ತಗಾಗಿದ್ದರೆ ಜೋರು ಓಟದಲ್ಲಿ ಅದು ಒಳಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ನಿಂತಾಗ ನೋಡಿದರೆ ಏನೂ ಕಾಣಿಸಲ್ಲ. ಒಬ್ಬರು ಎಂಜಿನ್ನನ್ನು 3000 ಆರ್‌ಪಿಎಂಗೆ ಏರಿಸಲಿ, ಇನ್ನೊಬ್ಬರು ಹೋಸ್ ನೋಡಲಿ.

ವಾಟರ್ ಪಂಪಿನಲ್ಲಿ ಎರಡು ಥರ ದೋಷ. ಕಣ್ಣಿಗೆ ಕಾಣುವುದು ಸೋರಿಕೆ. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಹೋದರೆ ಕೂಲಂಟ್ ಅಲ್ಲಿಂದ ಒಸರುತ್ತದೆ. ಎಂ-ಸೀಲ್ ಹಚ್ಚಿ ಮುಚ್ಚಬೇಡಿ. ಮುಚ್ಚಿದರೆ ನೀರು ಬೇರಿಂಗ್‌ಗೆ ಇಳಿದು ಪಂಪ್ ಜಾಮ್ ಆಗುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟೂ ಹೋಗುತ್ತದೆ, ಜೊತೆಗೆ ಎಂಜಿನ್ನೂ. ಕಣ್ಣಿಗೆ ಕಾಣದ ದೋಷ ಇಂಪೆಲ್ಲರ್, ಅಂದರೆ ಪಂಪಿನ ಒಳಗೆ ನೀರು ತಳ್ಳುವ ಚಕ್ರ. ಪ್ಲಾಸ್ಟಿಕ್ ಇಂಪೆಲ್ಲರ್ ಒಡೆದಿರಬಹುದು, ಶಾಫ್ಟ್ ಮೇಲೆ ಜಾರುತ್ತಿರಬಹುದು. ಲೋಹದ್ದಾದರೆ ಬರೀ ನೀರು ಹಾಕಿ ಹಾಕಿ ತುಕ್ಕು ತಿಂದಿರಬಹುದು. ಹೊರಗೆ ಪುಲ್ಲಿ ತಿರುಗುತ್ತಿರುತ್ತದೆ, ಒಳಗೆ ನೀರು ಹಂದುವುದಿಲ್ಲ. ರೇಡಿಯೇಟರ್ ಚೊಕ್ಕಟ, ಥರ್ಮೋಸ್ಟಾಟ್ ಹೊಸದು, ಆದರೂ ಹೀಟರ್ ಸರಿಯಾಗಿ ಬಿಸಿಯಾಗುತ್ತಿಲ್ಲ, ಎಂಜಿನ್ ಮಾತ್ರ ಸುಡುತ್ತಿದೆ ಎಂದರೆ ಪಂಪ್ ಬಿಚ್ಚಿ ಇಂಪೆಲ್ಲರ್ ನೋಡಬೇಕಾದ ಹೊತ್ತು.

ಬ್ರೇಕ್ ಹಿಡಿದುಕೊಂಡಿರುವುದು, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿರುವುದು, ಟೈಮಿಂಗ್ ತಪ್ಪಿರುವುದು ಇವೂ ಎಂಜಿನ್ನಿಗೆ ಭಾರ ಹೇರಿ ಬಿಸಿ ಮಾಡುತ್ತವೆ. ಕೂಲಿಂಗ್ ಕಡೆ ಎಲ್ಲ ಸರಿ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ

ಇಷ್ಟು ಬೇಗ ಬಿಸಿಯಾದರೆ ಕೂಲಂಟ್ ಕಡಿಮೆ ಇದೆ, ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿದೆ, ಥರ್ಮೋಸ್ಟಾಟ್ ಮುಚ್ಚಿಯೇ ಕೂತಿದೆ, ಅಥವಾ ಹೆಡ್ ಮತ್ತು ಬ್ಲಾಕ್ ನಡುವೆ ಸೀಲ್ ಮಾಡುವ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದೇ ಕ್ರಮದಲ್ಲಿ ನೋಡಿ. ಮೊದಲನೆಯದಕ್ಕೆ ಒಂದು ನಿಮಿಷ ಸಾಕು, ಕೊನೆಯದಕ್ಕೆ ಇಡೀ ದಿನ ಬೇಕು.

ಥರ್ಮೋಸ್ಟಾಟ್ ಪರೀಕ್ಷೆಗೆ ಕೈಯೇ ಸಾಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಆಗಾಗ ಮುಟ್ಟಿ ನೋಡಿ. ಮೊದಲು ತಣ್ಣಗೇ ಇರಬೇಕು. ಸ್ಕ್ಯಾನರ್ 90 ದಾಟುವ ಹೊತ್ತಿಗೆ ಥಟ್ಟನೆ ಬಿಸಿಯಾಗಬೇಕು, ಸ್ವಲ್ಪ ಹೊತ್ತಿಗೆ ಕೆಳಗಿನದ್ದೂ ಬೆಚ್ಚಗಾಗಬೇಕು. ಸ್ಕ್ಯಾನರ್ 110 ತೋರಿಸುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ಪಂಪ್ ತಳ್ಳುತ್ತಿಲ್ಲ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ. ಅಲ್ಲಿ ಮೇಲಿನ ಹೋಸ್ ಬೇಗ ಬಿಸಿಯಾಗುವುದು ಸಹಜ, ಕೆಳಗಿನದನ್ನೇ ಗಮನಿಸಿ.

ಬಿಚ್ಚಿದ ಥರ್ಮೋಸ್ಟಾಟನ್ನು ನೀರಿನಲ್ಲಿ ಕಾಯಿಸಿ ನೋಡಬಹುದು. ತಂತಿಯಲ್ಲಿ ನೇತುಹಾಕಿ, ಪಾತ್ರೆಯ ತಳಕ್ಕೆ ತಾಗಬಾರದು. ಪಕ್ಕದಲ್ಲೊಂದು ಥರ್ಮಾಮೀಟರ್. ಅದರ ಮೇಲೆ ಅಚ್ಚು ಹಾಕಿದ ತಾಪಮಾನದ ಆಸುಪಾಸು ಬಾಯಿ ಬಿಡಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ಹಾಗಾಗಿ ನಾಯಿ, ಬೆಕ್ಕು, ಮಕ್ಕಳಿಗೆ ಅಪಾಯ ಜಾಸ್ತಿ. ನೆಲಕ್ಕೆ ಚೆಲ್ಲಿದ್ದನ್ನು ತಕ್ಷಣ ಒರೆಸಿ ತೆಗೆಯಿರಿ.

ಥರ್ಮೋಸ್ಟಾಟ್ ತೆಗೆದು ಓಡಿಸಿದರೆ ತಂಪಾಗಿರುತ್ತದೆ ಎನ್ನುವ ಸಲಹೆಗೆ ನನ್ನ ಪೂರ್ತಿ ವಿರೋಧವಿದೆ. ಎಂಜಿನ್ ಸರಿಯಾದ ಬಿಸಿಗೆ ಬರದೆ ಇಂಧನ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ. ಅಷ್ಟೇ ಅಲ್ಲ, ಕೆಲವು ಥರ್ಮೋಸ್ಟಾಟ್‌ಗಳು ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತವೆ. ಅವನ್ನು ಕಿತ್ತರೆ ಬಿಸಿ ಕೂಲಂಟಿನಲ್ಲಿ ಒಂದಷ್ಟು ಪಾಲು ರೇಡಿಯೇಟರ್ ಕಡೆ ಹೋಗದೆ ಬೈಪಾಸ್ ಮೂಲಕ ವಾಪಸ್ ಬರುತ್ತದೆ. ತಂಪಿಗೆಂದು ಕಿತ್ತದ್ದೇ ಬಿಸಿ ಹೆಚ್ಚಿಸುತ್ತದೆ.

ಇದರ ಉಲ್ಟಾ ದೋಷವೂ ಇದೆ. ಥರ್ಮೋಸ್ಟಾಟ್ ತೆರೆದೇ ಕೂತರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಹೈವೇಯಲ್ಲಿ 65, 70 ಡಿಗ್ರಿಯಲ್ಲೇ ನಿಲ್ಲುತ್ತದೆ, ಹೀಟರ್ ಉಗುರು ಬೆಚ್ಚಗೆ, ಮೈಲೇಜ್ ಕಡಿಮೆ. ಪಿ0128 ಕೋಡ್ ಬರುವುದು ಸಾಮಾನ್ಯವಾಗಿ ಇದಕ್ಕೇ. ಹೊಸ ಥರ್ಮೋಸ್ಟಾಟ್ ಹಾಕಿದರೆ ಮುಗಿಯಿತು.

ನೀರು ಎಲ್ಲಿಗೆ ಹೋಗುತ್ತಿದೆ?

ಕೂಲಂಟ್ ವ್ಯವಸ್ಥೆ ಮುಚ್ಚಿದ್ದು. ಪದೇ ಪದೇ ತುಂಬಿಸಬೇಕಾಗಿ ಬಂದರೆ ಅದು ಎಲ್ಲೋ ಹೋಗುತ್ತಿದೆ. "ವಾರಕ್ಕೊಮ್ಮೆ ಅರ್ಧ ಲೀಟರ್ ಹಾಕ್ತೀನಿ, ಬೇರೆ ತೊಂದರೆ ಏನಿಲ್ಲ" ಎನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಪ್ರೆಶರ್ ಟೆಸ್ಟರ್ ಎಂಬ ಕೈಪಂಪನ್ನು ಮುಚ್ಚಳದ ಜಾಗಕ್ಕೆ ಕೂರಿಸಿ, ತಣ್ಣಗಿರುವ ಎಂಜಿನ್ನಿಗೆ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ. ಜಾಸ್ತಿ ಬೇಡ. 15 ನಿಮಿಷ ಬಿಡಿ. ಮುಳ್ಳು ಇಳಿದರೆ ಸೋರಿಕೆ ಇದೆ. ಹೋಸ್ ಕ್ಲಾಂಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯುಮಿನಿಯಂಗೆ ಕೂಡುವ ಅಂಚು, ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್, ಎಂಜಿನ್ ಹಿಂದಿನ ಹೀಟರ್ ಪೈಪ್ ಎಲ್ಲ ಟಾರ್ಚ್ ಬಿಟ್ಟು ನೋಡಿ. ಒಣಗಿದ ಸೋರಿಕೆ ಬಿಳಿ ಅಥವಾ ಬಣ್ಣದ ಪುಡಿಯಂತೆ ಕಲೆ ಬಿಟ್ಟಿರುತ್ತದೆ. ಹೊರಗೆಲ್ಲ ಒಣಗಿದೆ, ಆದರೆ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ, ಗಾಜಿನ ಒಳಗೆ ಜಿಡ್ಡಿನ ಮಂಜು, ಸಿಹಿ ವಾಸನೆ ಎಂದರೆ ಹೀಟರ್ ಕೋರ್, ಅಂದರೆ ಹೀಟರ್ ಒಳಗಿನ ಆ ಸಣ್ಣ ರೇಡಿಯೇಟರ್, ಸೋರುತ್ತಿದೆ.

ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲಲ್ಲ, ಕೂಲಂಟ್ ಬೇಗ ಕುದಿದು ರಿಸರ್ವ್ ಟ್ಯಾಂಕ್ ಉಕ್ಕಿ ಹರಿಯುತ್ತದೆ. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಾಗುವಾಗ ಅದು ತೆರೆದು ರಿಸರ್ವ್ ಟ್ಯಾಂಕಿನಿಂದ ಕೂಲಂಟನ್ನು ವಾಪಸ್ ಬಿಡಬೇಕು. ಬೆಳಗ್ಗೆ ಬಾನೆಟ್ ತೆರೆದಾಗ ಮೇಲಿನ ಹೋಸ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಆ ವಾಲ್ವ್ ಅಂಟಿಕೊಂಡಿದೆ. ಹೊಸ ಮುಚ್ಚಳ ತರುವಾಗ ಅದೇ ಒತ್ತಡದ್ದೇ ತನ್ನಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆಯ ಹೋಸು, ಪ್ಲಾಸ್ಟಿಕ್ ಟ್ಯಾಂಕು ಒಡೆಯುತ್ತವೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳು ಬಾಟಲಿಯಲ್ಲಿ ಸಿಗುತ್ತವೆ. ನಡುದಾರಿಯಲ್ಲಿ ಬೇರೆ ದಾರಿಯೇ ಇಲ್ಲದಾಗ ಬಿಟ್ಟರೆ ಅವುಗಳ ಸಹವಾಸ ಬೇಡ. ಸೋರುವ ತೂತನ್ನು ಮುಚ್ಚುವ ವಸ್ತು ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಹೆಡ್ ಗ್ಯಾಸ್ಕೆಟ್

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಕೂಲಂಟ್ ಕಡಿಮೆಯಾಗುತ್ತಲೇ ಇದೆ. ಎಲ್ಲರೂ ಹೆದರುವ ಹೆಸರು ಈಗ ಬರುತ್ತದೆ. ಆದರೆ ಪರೀಕ್ಷೆ ಮಾಡದೆ ಹೆಡ್ ಇಳಿಸಲು ಒಪ್ಪಬೇಡಿ.

ಕೆಲವು ಲಕ್ಷಣಗಳನ್ನು ನೀವೇ ನೋಡಬಹುದು. ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರು ಇನ್ನೂ ತಣ್ಣಗಿದೆ, ಹಾಗಾದರೆ ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆಗಳು ನಿಲ್ಲದೆ ಬರುತ್ತವೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ಆಯಿಲ್ ತುಂಬಿಸುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆಯಂಥದ್ದು ಇದ್ದರೆ ಅದೊಂದನ್ನೇ ನಂಬಬೇಡಿ. ಸಣ್ಣ ಸಣ್ಣ ಓಡಾಟಕ್ಕೆ ಬಳಸುವ ಕಾರಿನಲ್ಲಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಅಷ್ಟೇ.

ಖಚಿತ ಮಾಡಿಕೊಳ್ಳಲು ಕೆಮಿಕಲ್ ಬ್ಲಾಕ್ ಟೆಸ್ಟ್ ಇದೆ. ರೇಡಿಯೇಟರ್ ಬಾಯಿಯಲ್ಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸೇರಿದ್ದರೆ ಅದು ಹಳದಿಯಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿರಲಿ. ದ್ರಾವಣಕ್ಕೆ ಕೂಲಂಟ್ ತಾಗಬಾರದು, ತಾಗಿದರೆ ಫಲಿತಾಂಶ ಕೆಡುತ್ತದೆ. ಯಾವ ಸಿಲಿಂಡರ್ ಎಂದು ತಿಳಿಯಲು ಲೀಕ್‌ಡೌನ್ ಟೆಸ್ಟ್. ಒಂದೊಂದೇ ಸಿಲಿಂಡರಿಗೆ ಗಾಳಿ ಬಿಟ್ಟಾಗ ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಅದೇ ಕಳ್ಳ.

ಹೆಡ್ ಇಳಿಸಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಜೋಡಿಸುವುದು ಅರ್ಧ ಕೆಲಸ. ಸ್ಟ್ರೈಟ್ ಎಡ್ಜ್ ಇಟ್ಟು, ಫೀಲರ್ ಗೇಜಿನಿಂದ ಹೆಡ್ ಎಷ್ಟು ಬಾಗಿದೆ ಅಳೆಯಬೇಕು. ಹಲವು ಎಂಜಿನ್ನುಗಳಲ್ಲಿ ಮಿತಿ 0.05ರಿಂದ 0.1 ಮಿಲಿಮೀಟರ್ ಮಾತ್ರ. ಮೀರಿದ್ದರೆ ಫೇಸಿಂಗ್ ಮಾಡಿಸಬೇಕು, ಅಂದರೆ ಮೇಲ್ಮೈ ಕೆತ್ತಿ ಸಮತಟ್ಟು ಮಾಡಿಸಬೇಕು. ಬಿರುಕಿಗೂ ಪರೀಕ್ಷೆ ಆಗಬೇಕು. ಕಂಪನಿ ಹೇಳಿದ್ದರೆ ಹೆಡ್ ಬೋಲ್ಟ್‌ಗಳೂ ಹೊಸದೇ ಬೇಕು. ಜೊತೆಗೆ ಗ್ಯಾಸ್ಕೆಟ್ ಯಾಕೆ ಹೋಯಿತು ಎಂದು ಹುಡುಕಿ. ಎಷ್ಟೋ ಸಲ ಮೊದಲು ಕೆಟ್ಟದ್ದು ಫ್ಯಾನ್ ರಿಲೇ. ಅದನ್ನು ಹಾಗೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಉಳಿಯಲ್ಲ.

ತುಂಬಿಸುವುದು, ಗಾಳಿ ತೆಗೆಯುವುದು

ರಿಪೇರಿ ಸರಿಯಾಗಿಯೇ ಆಗಿದೆ, ತುಂಬಿಸುವಾಗ ಗಾಳಿ ಉಳಿದು ಮತ್ತೆ ಓವರ್‌ಹೀಟ್ ಆಯಿತು. ಇದು ತುಂಬಾ ನಡೆಯುತ್ತದೆ. ಮುಳ್ಳು ಮೇಲೆ ಕೆಳಗೆ ಆಡುವುದು, ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಸದ್ದು, ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ, ಇವೆಲ್ಲ ಏರ್ ಲಾಕಿನ ಗುರುತು.

ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿರುವಂತೆ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವ ತನಕ ನಿಧಾನವಾಗಿ ತುಂಬಿಸಿ, ಬಿಗಿ ಮಾಡಿ. ನಂತರ ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ. ಮಟ್ಟ ಇಳಿದಂತೆ ತುಂಬಿಸುತ್ತಾ ಹೋಗಿ, ನಡುನಡುವೆ ಹೋಸ್ ಹಿಂಡಿ. ಥರ್ಮೋಸ್ಟಾಟ್ ತೆರೆಯುತ್ತಿದ್ದಂತೆ ಮಟ್ಟ ಒಮ್ಮೆ ಗಕ್ಕನೆ ಇಳಿಯುತ್ತದೆ. ಆಗ ತುಂಬಿಸಿ ಮುಚ್ಚಳ ಹಾಕಿ. ಉಕ್ಕಿ ಬರುವ ತನಕ ಕಾಯಬೇಡಿ, ಮುಖ ದೂರವೇ ಇರಲಿ. ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಕಾರುಗಳಲ್ಲಿ, ಹೈಬ್ರಿಡ್‌ಗಳಲ್ಲಿ ಕ್ರಮ ಬೇರೆ. ಸ್ಕ್ಯಾನರಿನಿಂದ ಪಂಪ್ ಓಡಿಸಿ ಗಾಳಿ ತೆಗೆಯಬೇಕಾಗಬಹುದು, ಮ್ಯಾನ್ಯುಯಲ್ ನೋಡದೆ ಕೈ ಹಾಕಬೇಡಿ.

ಕೂಲಂಟಿನ ಬಣ್ಣ ನೋಡಿ ಆರಿಸಬೇಡಿ. ಹಸಿರು, ಕೆಂಪು, ನೀಲಿ ಎನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥ ಇಲ್ಲ. ಡಬ್ಬಿಯ ಮೇಲಿನ ಸ್ಪೆಸಿಫಿಕೇಷನ್ ನಿಮ್ಮ ಕಾರಿನ ಪುಸ್ತಕದಲ್ಲಿರುವುದಕ್ಕೆ ಹೊಂದಬೇಕು. ಬೇರೆ ಬೇರೆ ಜಾತಿಯವು ಬೆರೆತರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ರೆಡಿ ಮಿಕ್ಸ್ ತಂದಿದ್ದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮ. ನೀರಿಲ್ಲದೆ ಬರೀ ಕಾನ್ಸಂಟ್ರೇಟ್ ತುಂಬಿದರೆ ಇನ್ನೂ ತಂಪು ಎಂದುಕೊಳ್ಳುವುದು ತಪ್ಪು. ಶಾಖ ಹೊರುವ ಶಕ್ತಿ ನೀರಿಗೇ ಜಾಸ್ತಿ. ಗ್ಲೈಕಾಲ್ ಸೇರಿಸುವುದು ಕುದಿಬಿಂದು ಏರಿಸಲು, ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯಲು. ಸಮಸಮ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿ ತನಕ ತಡೆಯುತ್ತದೆ. ತುಕ್ಕು ತಡೆಯುವುದು ಅದರೊಳಗೆ ಬೆರೆಸಿರುವ ರಾಸಾಯನಿಕಗಳ ಕೆಲಸ.

ಎಲ್ಲ ಮುಗಿದ ಮೇಲೆ ನಿಂತಲ್ಲೇ ಎಂಜಿನ್ ಓಡಿಸಿ. ಫ್ಯಾನ್ ಎರಡು ಮೂರು ಸಲ ತಾನಾಗಿ ಶುರುವಾಗಿ ನಿಲ್ಲುವುದನ್ನು ನೋಡಿ. ಪ್ರತಿ ಸಲ ಸ್ಕ್ಯಾನರಿನ ಅಂಕಿ ಹೆಚ್ಚುಕಡಿಮೆ ಒಂದೇ ಕಡೆ ಏರಿ, ಒಂದೇ ಕಡೆ ಇಳಿಯಬೇಕು. ಆಮೇಲೆ ಒಂದು ಉದ್ದದ ಏರು ಇರುವ ದಾರಿಯಲ್ಲಿ ಓಡಿಸಿ, ಅಂಕಿ ಗಮನಿಸಿ. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ರಿಸರ್ವ್ ಟ್ಯಾಂಕಿನ ಗೆರೆ ನೋಡಿ, ಸ್ವಲ್ಪ ಇಳಿದಿದ್ದರೆ ತುಂಬಿಸಿ. ಉಳಿದಿದ್ದ ಗಾಳಿ ಹೊರಬಿದ್ದಿರುತ್ತದೆ. ಅದರ ಮುಂದಿನ ವಾರವೂ ಇಳಿಯುತ್ತಿದ್ದರೆ ಪ್ರೆಶರ್ ಟೆಸ್ಟರ್ ಮತ್ತೆ ಹೊರತೆಗೆಯಿರಿ.